ಸುನಾಮಿಗೂ ಜಗ್ಗದ ಒಂಬತ್ತು ಪೀಪಾಯಿ!

ಒಂದು ಸವಾಲು. ಫೋನ್ ಪಕ್ಕಕ್ಕಿಡಿ. ಹುಡುಕಾಡಬೇಡಿ. ಬರೀ ಊಹಿಸಿ!

2011ರ ಮಾರ್ಚ್ 11. ಮಧ್ಯಾಹ್ನ 2 ಗಂಟೆ 46 ನಿಮಿಷ. ಜಪಾನಿನ ಪೂರ್ವ ಕರಾವಳಿ ಗಡಗಡ ನಡುಗಿತು. ಸುಮಾರು ಮುಕ್ಕಾಲು ಗಂಟೆಯಲ್ಲಿ ಫುಕುಶಿಮಾ ದಾಯಿಚಿ ಅಣುಸ್ಥಾವರದ ಮೇಲೆ ಕಡಲೇ ಎದ್ದು ಬಂತು. ಡೀಸೆಲ್ ಜನರೇಟರ್‌ಗಳು ಮುಳುಗಿದವು. ಕರೆಂಟ್ ಹೋಯಿತು. ಪಂಪುಗಳು ನಿಂತವು. ಮೂರು ರಿಯಾಕ್ಟರ್‌ಗಳ ಒಡಲು ಕರಗಿತು. ಇಷ್ಟು ನಿಮಗೆ ಗೊತ್ತೇ ಇದೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅದೇ ಆವರಣದಲ್ಲಿ, ರಿಯಾಕ್ಟರ್‌ಗಳ ಹೊರಗೆ, ಬಳಸಿ ತೆಗೆದ ಅಣು ಇಂಧನವೂ ಇತ್ತು. ಬಹುಪಾಲು ನೀರಿನ ಕೊಳಗಳಲ್ಲಿ. ಇನ್ನೊಂದು ಪಾಲು ಕಡಲಿಗೆ ಹತ್ತಿರದ ಒಂದು ಕಟ್ಟಡದಲ್ಲಿ. ಎಷ್ಟು? 408 ಕಂತೆ!

ಆ ಕಟ್ಟಡಕ್ಕೂ ಸುನಾಮಿ ನುಗ್ಗಿತು. ಉಪ್ಪುನೀರು, ಮರಳು, ಕಸಕಡ್ಡಿ ಎಲ್ಲ ಒಳಗೆ ಬಂತು. ದೀಪವಿಲ್ಲ. ಪಂಪಿಲ್ಲ. ಕಾವಲಿಗೆ ಮನುಷ್ಯರಿಲ್ಲ. ಇದ್ದವರೆಲ್ಲ ಕರಗುತ್ತಿದ್ದ ರಿಯಾಕ್ಟರ್‌ಗಳ ಹಿಂದೆ ಬಿದ್ದಿದ್ದರು.

ಈಗ ಹೇಳಿ. ಆ 408 ಕಂತೆಗಳಿಗೆ ಏನಾಯಿತು?

ಏನೂ ಆಗಲಿಲ್ಲ!

ಸೋರಲಿಲ್ಲ. ಸಿಡಿಯಲಿಲ್ಲ. ಕರಗಲಿಲ್ಲ. ಆಮೇಲೆ ತಜ್ಞರು ಬಂದು ಪರೀಕ್ಷಿಸಿದಾಗ ಆ ಕಂತೆಗಳನ್ನು ತುಂಬಿಟ್ಟಿದ್ದ ಒಂಬತ್ತು ಉಕ್ಕಿನ ಪೀಪಾಯಿಗಳು ಇಟ್ಟಲ್ಲೇ ಭದ್ರವಾಗಿದ್ದವು. ಜಗತ್ತಿನ ಅತಿ ಭೀಕರ ಅಣು ಅವಘಡಗಳಲ್ಲಿ ಒಂದರ ನಟ್ಟನಡುವೆ!

ಅವುಗಳನ್ನು ತಂಪಾಗಿಟ್ಟು ಕಾಪಾಡಿದ್ದು ಯಾವ ಯಂತ್ರ? ಊಹಿಸಿ. ಬ್ಯಾಟರಿಯೇ? ಕಂಪ್ಯೂಟರೇ? ಗುಪ್ತ ಪಂಪೇ?

ಗಾಳಿ! ನೀವು ಈಗ ಉಸಿರಾಡುತ್ತಿರುವ ಇದೇ ಗಾಳಿ!

ಇದನ್ನು ಓದಿದ ದಿನದಿಂದ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಈಗ ನಿಮ್ಮ ಸರದಿ. ಬನ್ನಿ, ಮೊದಲು ಆ ಇಂಧನವನ್ನೇ ಹತ್ತಿರದಿಂದ ನೋಡೋಣ.

ಒಂದು ಗುಳಿಗೆ. ಕಿರುಬೆರಳ ತುದಿಯಷ್ಟೇ ಗಾತ್ರ. ಕಪ್ಪು ಬಣ್ಣ. ಕೆಲವೇ ಗ್ರಾಂ ತೂಕ. ಇದರಲ್ಲಿ ಎಷ್ಟು ಶಕ್ತಿ ಅಡಗಿದೆ? ಒಂದು ಮೂಟೆ ಕಲ್ಲಿದ್ದಲಿನಷ್ಟೇ? ಹತ್ತು ಮೂಟೆಯಷ್ಟೇ? ಸುಮಾರು ಒಂದು ಟನ್ ಕಲ್ಲಿದ್ದಲಿನಷ್ಟು!

ಇಂಥ ಗುಳಿಗೆಗಳನ್ನು ಸಾಲಾಗಿ ಲೋಹದ ಕೊಳವೆಗೆ ತುಂಬುತ್ತಾರೆ. ಅದು ಸರಳು. ಸರಳುಗಳನ್ನು ಕಟ್ಟಿದರೆ ಕಂತೆ. ರಿಯಾಕ್ಟರಿಗೆ ಹೋಗುವ ಮುನ್ನ ಈ ಗುಳಿಗೆಯನ್ನು ಕೈಗವಸು ತೊಟ್ಟು ಎತ್ತಿ ನೋಡಬಹುದು. ಅಷ್ಟು ಸಾಧು!

ಹೊರಬಂದ ಮೇಲೆ? ಅದೇ ಕಂತೆಯ ಪಕ್ಕದಲ್ಲಿ ಮರೆಯಿಲ್ಲದೆ ಕೆಲವು ನಿಮಿಷ ನಿಂತರೂ ಜೀವ ಉಳಿಯುವುದಿಲ್ಲ.

ಒಳಗೆ ಏನು ಬದಲಾಯಿತು? ನೂರರಲ್ಲಿ ಸುಮಾರು 95 ಪಾಲು ಇನ್ನೂ ಯುರೇನಿಯಮ್ಮೇ. ಒಂದು ಪಾಲು ಪ್ಲುಟೋನಿಯಂ. ಉಳಿದ ಮೂರು ನಾಲ್ಕು ಪಾಲಿನಲ್ಲಿ ಸೀಸಿಯಂ, ಸ್ಟ್ರಾನ್ಷಿಯಂ ಮತ್ತವುಗಳ ಬಳಗ. ಆ ಮೂರು ನಾಲ್ಕು ಪಾಲಿನಿಂದಲೇ ಇಷ್ಟೆಲ್ಲ ಕಾವು, ಇಷ್ಟೆಲ್ಲ ಕಿರಣ!

ಕಾವು ಎಂಥದ್ದು ಗೊತ್ತೇ? ರಿಯಾಕ್ಟರನ್ನು ಆಫ್ ಮಾಡಿದ ಕ್ಷಣದಲ್ಲೂ ಪೂರ್ತಿ ಶಾಖದ ಶೇ. 6ರಿಂದ 7ರಷ್ಟು ಹೊಮ್ಮುತ್ತಲೇ ಇರುತ್ತದೆ. ಅದಕ್ಕೆ ಸ್ವಿಚ್ ಇಲ್ಲ! ಒಂದು ದಿನ ಕಳೆದ ಮೇಲೂ ಸುಮಾರು ಶೇ. 0.4. ಚಿಕ್ಕ ಅಂಕಿ ಎನ್ನಿಸಿತೇ? ಫುಕುಶಿಮಾದ ಒಂದು ಮಧ್ಯಮ ಗಾತ್ರದ ರಿಯಾಕ್ಟರಿಗೆ ಲೆಕ್ಕ ಹಾಕಿ. ಸುಮಾರು 10 ಮೆಗಾವಾಟ್! ಆಫ್ ಮಾಡಿದ ಮಾರನೆಯ ದಿನ!

ಅದಕ್ಕೇ ಮೊದಲ ಮನೆ ನೀರು. ಸುಮಾರು 12 ಮೀಟರ್ ಆಳದ ಕೊಳ. ಗೋಡೆಗೆ ಉಕ್ಕಿನ ಹೊದಿಕೆ. ತಳದಲ್ಲಿ ಕಂತೆಗಳು. ಅವುಗಳ ತಲೆಯ ಮೇಲೆ ಸುಮಾರು 7 ಮೀಟರ್ ನೀರು. ಅಷ್ಟು ನೀರು ಸಾಕು, ಕೊಳದ ಅಂಚಿನಲ್ಲಿ ಸಿಬ್ಬಂದಿ ಆರಾಮವಾಗಿ ಓಡಾಡುತ್ತಾರೆ!

ದೀಪ ಆರಿಸಿ ಕೊಳಕ್ಕೆ ಇಣುಕಿದರೆ ನೀಲಿ! ಕಣ್ಣು ಕೀಲಿಸುವ ತಿಳಿನೀಲಿ. ನೀರಿನಲ್ಲಿ ಬೆಳಕಿನ ವೇಗ ಮುಕ್ಕಾಲಕ್ಕೆ ಇಳಿಯುತ್ತದೆ. ಇಂಧನದ ಕಿರಣಗಳು ಚಿಮ್ಮಿಸುವ ಎಲೆಕ್ಟ್ರಾನುಗಳು ಆ ಬೆಳಕನ್ನೂ ಹಿಂದೆ ಹಾಕಿ ಓಡುತ್ತವೆ. ಓಡುತ್ತಾ ಚೆಲ್ಲುವ ಪ್ರಭೆಯೇ ಈ ನೀಲಿ. 1934ರಲ್ಲಿ ಇದನ್ನು ಗುರುತಿಸಿದ ಪಾವೆಲ್ ಚೆರೆಂಕೋವ್ 1958ರ ನೊಬೆಲ್ ಹಂಚಿಕೊಂಡರು.

ಎಷ್ಟು ಚೆಂದ! ಆದರೆ ಈ ಚೆಂದಕ್ಕೆ ನೀರು ಬೇಕು. ನೀರು ಸುತ್ತಲು ಪಂಪು ಬೇಕು. ಪಂಪಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ?

ಮತ್ತೆ ಫುಕುಶಿಮಾಕ್ಕೆ ಬನ್ನಿ. ನಾಲ್ಕನೇ ಘಟಕಕ್ಕೆ.

ಈ ಘಟಕ ಅಂದು ಓಡುತ್ತಲೇ ಇರಲಿಲ್ಲ! 2010ರ ನವೆಂಬರಿನಲ್ಲೇ ದುರಸ್ತಿಗೆಂದು ನಿಲ್ಲಿಸಿದ್ದರು. ರಿಯಾಕ್ಟರಿನ ಹೊಟ್ಟೆ ಖಾಲಿ. ಅದರೊಳಗಿದ್ದ ಇಂಧನವೆಲ್ಲ ಮೇಲಂತಸ್ತಿನ ಕೊಳಕ್ಕೆ ಹೋಗಿತ್ತು. ಒಟ್ಟು ಎಷ್ಟು? ಬಳಸಿದ ಕಂತೆ 1,331. ಹೊಸ ಕಂತೆ 204. ಬಳಸಿದ್ದರಲ್ಲಿ ಕೆಲವು ನೂರು ಕಂತೆ ಆಗಷ್ಟೇ ಹೊರಬಂದ ಬಿಸಿ ಬಿಸಿ ಸರಕು!

ಮಾರ್ಚ್ 15. ಧಡಾರ್! ನಾಲ್ಕನೇ ಘಟಕದ ಚಾವಣಿ ಹಾರಿಹೋಯಿತು. ಓಡದ ಘಟಕ ಸಿಡಿದದ್ದು ಹೇಗೆ? ಮೂರನೇ ಘಟಕದ ಜಲಜನಕ ಕೊಳವೆಯ ದಾರಿಯಲ್ಲಿ ಇಲ್ಲಿಗೆ ನುಗ್ಗಿ ಬಂದಿತ್ತು. ಅದು ಗೊತ್ತಾಗಿದ್ದು ಆಮೇಲೆ. ಅಂದು ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಕೊಳ ಬತ್ತಿತೇ?

ಬತ್ತಿದ್ದರೆ ಕಥೆಯೇ ಬೇರೆ. ಸರಳಿನ ಲೋಹ ಜಿರ್ಕೋನಿಯಂ. ನೀರಿಲ್ಲದೆ ಕಾದರೆ ಅದಕ್ಕೇ ಬೆಂಕಿ ಹತ್ತಬಹುದು. ಮೇಲೆ ಚಾವಣಿಯಿಲ್ಲ. ಹೊಗೆಯ ಜೊತೆ ಸೀಸಿಯಂ ನೇರ ಆಕಾಶಕ್ಕೆ! ಮಾರ್ಚ್ 16ರಂದು ಅಮೆರಿಕದ ಅಣು ನಿಯಂತ್ರಣ ಆಯೋಗದ ಅಧ್ಯಕ್ಷರು ಆ ಕೊಳದಲ್ಲಿ ನೀರಿಲ್ಲ ಎಂದೇ ಹೇಳಿಬಿಟ್ಟರು.

ಜಪಾನಿನ ಪ್ರಧಾನಿ ನಾವೊಟೊ ಕಾನ್ ತಮ್ಮ ಅಣುಶಕ್ತಿ ಆಯೋಗದ ಅಧ್ಯಕ್ಷ ಶುನ್ಸುಕೆ ಕೊಂಡೊ ಅವರಿಂದ ಒಂದು ಲೆಕ್ಕ ಕೇಳಿದರು. ಎಲ್ಲವೂ ಕೈಮೀರಿದರೆ ಎಷ್ಟು ದೂರದವರೆಗಿನ ಜನ ಊರು ಬಿಡಬೇಕಾದೀತು? ಮಾರ್ಚ್ 25ರಂದು ಉತ್ತರ ಬಂತು.

ಎಷ್ಟಿರಬಹುದು? 30 ಕಿಲೋಮೀಟರ್? 80? 100?

250 ಕಿಲೋಮೀಟರ್! ಟೋಕಿಯೊ ನಗರವೂ ಅದರೊಳಗೆ!

ಆದರೆ ಹಾಗಾಗಲಿಲ್ಲ. ಕೊಳ ಬತ್ತಿರಲೇ ಇಲ್ಲ! ಏಕೆ? ಇದನ್ನು ಓದಿದಾಗ ನನ್ನ ಮೈಮೇಲೆ ಮುಳ್ಳೆದ್ದವು.

ಕೊಳದ ಪಕ್ಕದಲ್ಲೇ ರಿಯಾಕ್ಟರಿನ ಬಾವಿ. ಎರಡರ ನಡುವೆ ಒಂದು ಗೇಟು. ದುರಸ್ತಿಗಾಗಿ ಆ ಬಾವಿಗೂ ನೀರು ತುಂಬಿಸಿದ್ದರು. ವೇಳಾಪಟ್ಟಿಯ ಪ್ರಕಾರ ಸುನಾಮಿಗೆ ಮುಂಚೆಯೇ ಅದನ್ನು ಖಾಲಿ ಮಾಡಬೇಕಿತ್ತು. ಕೆಲಸ ತಡವಾಯಿತು. ನೀರು ಅಲ್ಲೇ ಉಳಿಯಿತು. ಇತ್ತ ಕೊಳದ ನೀರು ಆವಿಯಾಗಿ ಇಳಿಯತೊಡಗಿದಾಗ ಅತ್ತ ಬಾವಿಯ ನೀರಿನ ಒತ್ತಡ ಗೇಟಿನ ಮೇಲೆ ಬಿತ್ತು. ಗೇಟಿನ ಸಂದಿಯಲ್ಲಿ ನೀರು ಜಿನುಗಿತು. ಕೊಳಕ್ಕೆ ಬಂತು!

ಒಂದು ಸೋರಿಕೆ! ಒಂದು ತಡವಾದ ಕೆಲಸ! ಯಾರೂ ಯೋಜಿಸಿರಲಿಲ್ಲ. ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ. ಮಾರ್ಚ್ 22ಕ್ಕೆ 58 ಮೀಟರ್ ಉದ್ದದ ತೋಳು ಚಾಚುವ ಕಾಂಕ್ರೀಟ್ ಪಂಪ್ ಲಾರಿ ಬಂದು ಮೇಲಿನಿಂದ ನೀರೆರೆಯುವವರೆಗೂ ಈ ಅದೃಷ್ಟದ ನೀರೇ ಆಸರೆ. ಕೊಳದಿಂದ ಕೊನೆಯ ಕಂತೆ ಇಳಿಸಿದ್ದು 2014ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಎಷ್ಟು ಜನರ ನಿದ್ದೆ ಕೆಟ್ಟಿತೋ!

ಒಂದೇ ಆವರಣ. ಒಂದೇ ಭೂಕಂಪ. ಒಂದೇ ಸುನಾಮಿ. ಕೊಳವನ್ನು ಕಾಯಲು ಹೆಲಿಕಾಪ್ಟರ್, ಅಗ್ನಿಶಾಮಕ ದಳ, ದೈತ್ಯ ಲಾರಿ, ಮೇಲಿಂದ ಅದೃಷ್ಟ. ಪೀಪಾಯಿಗಳನ್ನು ಕಾಯಲು? ಯಾರೂ ಓಡಬೇಕಾಗಲಿಲ್ಲ!

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಪೀಪಾಯಿಯೊಳಗಿದ್ದದ್ದು ಹಳೆಯ, ವರ್ಷಗಟ್ಟಲೆ ನೀರಲ್ಲಿ ತಣಿದ ಇಂಧನ. ಬಿಸಿ ಕಂತೆಯನ್ನು ನೇರ ಪೀಪಾಯಿಗೆ ತುಂಬಲಾಗದು. ಸಾಮಾನ್ಯವಾಗಿ ಐದು ವರ್ಷವಾದರೂ ಕೊಳದಲ್ಲಿ ಕಳೆಯಬೇಕು. ಆಮೇಲೆ? ಆಮೇಲೂ ಕೊಳದಲ್ಲೇ ಒತ್ತೊತ್ತಾಗಿ ತುಂಬಿಡುವುದೇ, ಹೊರತೆಗೆದು ಒಣಗಿಸಿ ಪೀಪಾಯಿಗೆ ಹಾಕುವುದೇ? ನನ್ನ ಉತ್ತರ ಖಚಿತ. ತೆಗೆಯಿರಿ. ಒಣಗಿಸಿ!

ಒಣಗಿಸುವುದು ಹೇಗೆ? ಇದೇ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಖಾಲಿ ಉಕ್ಕಿನ ಡಬ್ಬಿಯನ್ನು ಕ್ರೇನ್ ಮೆಲ್ಲಗೆ ಕೊಳದೊಳಕ್ಕೇ ಇಳಿಸುತ್ತದೆ. ಹೌದು, ನೀರಿನೊಳಕ್ಕೆ! ಕಂತೆಗಳು ಒಂದೊಂದಾಗಿ ನೀರಿನಡಿಯಲ್ಲೇ ಡಬ್ಬಿಯ ಗೂಡುಗಳಿಗೆ ಸೇರುತ್ತವೆ. ಮುಚ್ಚಳವೂ ನೀರಿನಡಿಯಲ್ಲೇ ಕೂರುತ್ತದೆ. ಇಂಧನ ಒಂದು ಕ್ಷಣವೂ ಮರೆ ಬಿಟ್ಟು ಹೊರಗೆ ತಲೆ ಹಾಕುವುದಿಲ್ಲ. ಆಮೇಲೆ ಡಬ್ಬಿ ಮೇಲೇಳುತ್ತದೆ. ಮೈಯಿಂದ ನೀರು ಸುರಿಯುತ್ತಿರುತ್ತದೆ. ತೊಳೆಯುತ್ತಾರೆ. ಒರೆಸುತ್ತಾರೆ. ಒಳಗಿನ ನೀರನ್ನು ಹೊರಹಾಕುತ್ತಾರೆ.

ಸಾಲದು! ಒಳಗೆ ಉಳಿದ ತೇವವೂ ಶತ್ರು. ಅದು ಲೋಹವನ್ನು ತಿನ್ನುತ್ತದೆ. ವಿಕಿರಣಕ್ಕೆ ಸಿಕ್ಕಿ ಒಡೆದು ಜಲಜನಕವಾಗುತ್ತದೆ. ಹಾಗಾಗಿ ನಿರ್ವಾತ ಪಂಪು ಹಚ್ಚುತ್ತಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ 760 ಟಾರ್. ಡಬ್ಬಿಯೊಳಗೆ ಅದನ್ನು ಎಷ್ಟಕ್ಕೆ ಇಳಿಸಬೇಕು? 100? 50?

3 ಟಾರ್!

ಅಷ್ಟಕ್ಕೂ ನಂಬುವುದಿಲ್ಲ. ಪಂಪಿನ ದಾರಿ ಮುಚ್ಚಿ ಕಾಯುತ್ತಾರೆ. 30 ನಿಮಿಷ! ಎಲ್ಲೋ ಸಂದಿಯಲ್ಲಿ ನೀರು ಅಡಗಿದ್ದರೆ ಅದು ಆವಿಯಾಗಿ ಒತ್ತಡ ಏರುತ್ತದೆ, ಮುಳ್ಳು ಚಾಡಿ ಹೇಳುತ್ತದೆ. ಏರಿದರೆ ಮತ್ತೆ ಪಂಪು, ಮತ್ತೆ ಕಾಯುವುದು. ಏರದಿದ್ದರೆ ಮಾತ್ರ ಡಬ್ಬಿ ಒಣಗಿದೆ ಎಂದರ್ಥ.

ನಂತರ ಹೀಲಿಯಂ ತುಂಬುತ್ತಾರೆ. ಬಲೂನಿನ ಅದೇ ಹೀಲಿಯಂ! ಏಕೆ? ಅದು ಯಾವುದರ ಜೊತೆಗೂ ಬೆರೆಯದು, ಏನನ್ನೂ ತುಕ್ಕು ಹಿಡಿಸದು. ಗಾಳಿಗಿಂತ ಸುಮಾರು ಆರು ಪಟ್ಟು ಚುರುಕಾಗಿ ಶಾಖ ದಾಟಿಸುತ್ತದೆ. ಮುಚ್ಚಳದ ಅಂಚಿಗೆ ಯಂತ್ರ ಒಣಗಿಸುವ ಮುನ್ನವೇ ಸುತ್ತು ಸುತ್ತಾಗಿ ವೆಲ್ಡಿಂಗ್ ಮಾಡಿರುತ್ತದೆ. ಬೆಸುಗೆಯ ಮೇಲೆ ಕೆಂಪು ಬಣ್ಣದ ದ್ರಾವಣ ಬಳಿದು, ಒರೆಸಿ, ಬಿಳಿ ಪುಡಿ ಹಚ್ಚುತ್ತಾರೆ. ಕೂದಲೆಳೆಯ ಬಿರುಕಿದ್ದರೂ ಒಳಸೇರಿದ ಕೆಂಪು ಬಿಳಿಯ ಮೇಲೆ ಮೂಡಿಬಿಡುತ್ತದೆ. ಬಿರುಕೇ ತನ್ನ ಗುಟ್ಟು ಹೇಳುತ್ತದೆ!

ಇಷ್ಟಾದ ಮೇಲೆ ಆ ಡಬ್ಬಿ ದಪ್ಪ ಕಾಂಕ್ರೀಟಿನ ಹೊರಪೀಪಾಯಿಯೊಳಗೆ ಇಳಿಯುತ್ತದೆ. ಒಟ್ಟು ತೂಕ ನೂರು ಟನ್ನಿಗೂ ಹೆಚ್ಚು! ಫುಕುಶಿಮಾದ್ದು ಬೋಲ್ಟು ಬಿಗಿದ ದಪ್ಪ ಲೋಹದ ಜಾತಿ. ಅಮೆರಿಕದಲ್ಲಿ ಈ ಕಾಂಕ್ರೀಟ್ ಜಾತಿಯೇ ಹೆಚ್ಚು.

ಕಾಂಕ್ರೀಟ್ ಪೀಪಾಯಿಯ ಬುಡದಲ್ಲಿ ಕಿಂಡಿ. ತಲೆಯ ಬಳಿ ಕಿಂಡಿ. ಬುಡದಿಂದ ತಣ್ಣನೆಯ ಗಾಳಿ ಒಳಬರುತ್ತದೆ, ಡಬ್ಬಿಯ ಮೈ ಸವರಿ ಬಿಸಿಯಾಗುತ್ತದೆ, ಹಗುರಾಗಿ ಮೇಲಿನಿಂದ ಹೊರಬೀಳುತ್ತದೆ. ಹೋದ ಜಾಗಕ್ಕೆ ಹೊಸ ಗಾಳಿ. ಮಲೆನಾಡಿನ ಹಳೆಯ ಅಡುಗೆಮನೆಯ ಹೊಗೆಗಿಂಡಿ ನೋಡಿದ್ದೀರಾ? ಅದೇ ಸೂತ್ರ! ಒಳಗಿನ ಕಾವು ಹೆಚ್ಚಿದಷ್ಟೂ ಗಾಳಿಯ ಓಟ ಹೆಚ್ಚು. ಇಂಧನ ತನ್ನ ಬಿಸಿಯಿಂದಲೇ ತನ್ನನ್ನು ತಣಿಸಿಕೊಳ್ಳುತ್ತದೆ!

ಮೋಟರ್ ಇಲ್ಲ. ಫ್ಯಾನ್ ಇಲ್ಲ. ವೈರ್ ಇಲ್ಲ. ತಿರುಗುವ ಒಂದೇ ಒಂದು ಭಾಗ ಇಲ್ಲ. ತಿರುಗುವುದೇ ಇಲ್ಲದ ಮೇಲೆ ಕೆಟ್ಟು ನಿಲ್ಲುವುದು ಯಾವುದು?

ಅಮೆರಿಕದ ವರ್ಜೀನಿಯಾದ ಸರ್ರಿ ಎಂಬ ಅಣುಸ್ಥಾವರ 1986ರಲ್ಲೇ ಈ ಒಣ ಸಂಗ್ರಹ ಶುರು ಮಾಡಿತು. ಅಲ್ಲಿನ ಮೇನ್ ರಾಜ್ಯದಲ್ಲಿ ಇನ್ನೊಂದು ವಿಚಿತ್ರ! ಮೇನ್ ಯಾಂಕಿ ಎಂಬ ಸ್ಥಾವರವನ್ನು ಬುಡಸಮೇತ ಕಿತ್ತು 2005ಕ್ಕೆ ಕೆಲಸ ಮುಗಿಸಿದರು. ರಿಯಾಕ್ಟರ್ ಇಲ್ಲ. ಟರ್ಬೈನ್ ಇಲ್ಲ. ಉಳಿದಿರುವುದು 64 ಪೀಪಾಯಿ, ಅವಕ್ಕೆ ಕಾವಲುಗಾರರು! ಒಯ್ಯಲು ಜಾಗ ಸಿದ್ಧವಾಗಿಲ್ಲದ ಕಾರಣ ಅವು ಇಂದಿಗೂ ಅಲ್ಲೇ.

ಅಮೆರಿಕದ ಸ್ಥಾವರಗಳೆಲ್ಲ ದಶಕಗಟ್ಟಲೆ ಹೊರಹಾಕಿದ ಬಳಸಿದ ಇಂಧನ ಸುಮಾರು 90 ಸಾವಿರ ಟನ್. ಎಲ್ಲವನ್ನೂ ಒತ್ತಟ್ಟಿಗೆ ಒಟ್ಟಿದರೆ ಎಷ್ಟು ಜಾಗ ಬೇಕು? ಒಂದು ಜಿಲ್ಲೆ? ಒಂದು ಊರು? ಒಂದೇ ಒಂದು ಫುಟ್‌ಬಾಲ್ ಮೈದಾನ! ಎತ್ತರ ಹತ್ತು ಮೀಟರೂ ಆಗದು!

ಸರಿ, ಪೀಪಾಯಿ ಗಟ್ಟಿ ಎಂದು ಹೇಳುವುದು ಸುಲಭ. ತೋರಿಸಿ ಎಂದರೆ?

ಬ್ರಿಟನ್ ತೋರಿಸಿತು! 1984ರ ಜುಲೈ 17. ಓಲ್ಡ್ ಡಾಲ್ಬಿ ಎಂಬಲ್ಲಿ ಹಳಿಗಳ ಮೇಲೆ ಇಂಧನ ಸಾಗಿಸುವ ಒಂದು ಉಕ್ಕಿನ ಪೆಟ್ಟಿಗೆಯನ್ನು ಅಡ್ಡ ಇಟ್ಟರು. ಒಳಗೆ ಇಂಧನವಿಲ್ಲ, ಒತ್ತಡ ತುಂಬಿತ್ತು. ದೂರದಿಂದ ಒಂದು ಎಂಜಿನ್, ಹಿಂದೆ ಮೂರು ಬೋಗಿ. ಚಾಲಕನಿಲ್ಲ! ವೇಗ ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್! ಜನ ಕಣ್ಣು ಬಿಟ್ಟು ನೋಡುತ್ತಿದ್ದಾರೆ. ಕ್ಯಾಮೆರಾಗಳು ಓಡುತ್ತಿವೆ.

ಢಮಾರ್! ಎಂಜಿನ್ ನಜ್ಜುಗುಜ್ಜು. ಬೋಗಿಗಳು ಹಳಿ ಬಿಟ್ಟು ಚೆಲ್ಲಾಪಿಲ್ಲಿ. ಬೆಂಕಿ. ಧೂಳು.

ಪೆಟ್ಟಿಗೆ? ಗೀಚು ಬಿದ್ದಿತ್ತು. ಮುಚ್ಚಳ ಬಿಗಿಯಾಗೇ ಇತ್ತು. ಒಳಗಿನ 100 ಪಿ.ಎಸ್.ಐ. ಒತ್ತಡದಲ್ಲಿ ಸೋರಿದ್ದು ಎಷ್ಟು? 0.26! ರೈಲು ಸತ್ತಿತು, ಪೆಟ್ಟಿಗೆ ಉಳಿಯಿತು.

ಇನ್ನು ನೆದರ್ಲೆಂಡ್ಸ್. ಸಮುದ್ರ ತೀರದ ಜೀಲ್ಯಾಂಡ್ ಪ್ರಾಂತ. ಅಲ್ಲಿ ದೂರದಿಂದಲೇ ಕಣ್ಣಿಗೆ ರಾಚುವ ಕಿತ್ತಳೆ ಬಣ್ಣದ ಒಂದು ಕಟ್ಟಡ. ಹೆಸರು ಹಾಬೋಗ್. ಗೋಡೆಯ ದಪ್ಪ 1.7 ಮೀಟರ್! ಮೈಮೇಲೆ ಐನ್‌ಸ್ಟೈನರ ಸಮೀಕರಣ, ಪ್ಲಾಂಕರ ಸಮೀಕರಣ, ದೊಡ್ಡ ದೊಡ್ಡ ಅಕ್ಷರದಲ್ಲಿ! ಒಳಗೆ ಏನಿದೆ? ಆ ದೇಶದ ಅತಿ ತೀವ್ರ ಅಣುತ್ಯಾಜ್ಯ. 2003ರಲ್ಲಿ ರಾಣಿ ಬಿಯಾಟ್ರಿಕ್ಸ್ ಉದ್ಘಾಟಿಸಿದ ಕಟ್ಟಡ. ಇಲ್ಲೂ ತಣಿಸುವುದು ತಾನಾಗಿ ಬೀಸುವ ಗಾಳಿಯೇ.

ಕಿತ್ತಳೆ ಬಣ್ಣ ಯಾಕೆ? ಕಲಾವಿದ ವಿಲಿಯಂ ವೆರ್‌ಸ್ಟ್ರಾಟನ್ ಅವರ ಯೋಜನೆ ಕೇಳಿ. ಇಪ್ಪತ್ತು ವರ್ಷಕ್ಕೊಮ್ಮೆ ಹೊಸ ಬಣ್ಣ ಬಳಿಯಬೇಕು, ಪ್ರತಿ ಸಲವೂ ಇನ್ನಷ್ಟು ತೆಳು ಛಾಯೆ. ಒಳಗಿನ ಕಾವು ಇಳಿದ ಹಾಗೆ ಹೊರಗಿನ ಬಣ್ಣವೂ ಇಳಿಯುತ್ತದೆ. ನೂರು ವರ್ಷದ ಹೊತ್ತಿಗೆ ಕಟ್ಟಡ ಬಿಳಿ! ದಾರಿಹೋಕರಿಗೂ ಲೆಕ್ಕ ಕಾಣಬೇಕು. ಅಡಗಿಸಿಡುವ ಮಾತೇ ಇಲ್ಲ. ಇಂಥ ಧೈರ್ಯ ನನಗೆ ತುಂಬಾ ಇಷ್ಟ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಆಟವೇ ಬೇರೆ! ಭಾರತ ಬಳಸಿದ ಇಂಧನವನ್ನು ಹಾಗೇ ಹೂಳುವ ದಾರಿ ಹಿಡಿದಿಲ್ಲ. ಅದನ್ನು ಕರಗಿಸಿ ಯುರೇನಿಯಂ, ಪ್ಲುಟೋನಿಯಮ್ಮನ್ನು ಮರಳಿ ತೆಗೆಯುತ್ತದೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿ ಈ ಕೆಲಸ. ಕೊನೆಗೆ ಉಳಿಯುವುದು ಆ ಮೂರು ನಾಲ್ಕು ಪಾಲಿನ ಉಗ್ರ ದ್ರವ. ಅದನ್ನು ಏನು ಮಾಡುತ್ತಾರೆ?

ಗಾಜು! ಕುಲುಮೆಯಲ್ಲಿ ಗಾಜಿನ ಸಾಮಗ್ರಿಯ ಜೊತೆ ಕರಗಿಸಿ ಉಕ್ಕಿನ ಡಬ್ಬಿಗೆ ಎರಕ ಹೊಯ್ಯುತ್ತಾರೆ. ವಿಷ ಗಾಜಿನ ಮೇಲೆ ಅಂಟಿ ಕೂರುವುದಿಲ್ಲ, ಗಾಜಿನ ಕಣಕಣದ ರಚನೆಯಲ್ಲೇ ಸೆರೆಯಾಗುತ್ತದೆ. ಚೂರಾದರೂ ಚೆಲ್ಲದು! ತಾರಾಪುರದ ಸಂಗ್ರಹಾಗಾರದಲ್ಲಿ ಆ ಡಬ್ಬಿಗಳನ್ನು ತಣಿಸುವುದು ಯಾವುದು ಹೇಳಿ ನೋಡೋಣ? ಸರಿಯಾಗಿ ಹೇಳಿದಿರಿ. ಚಿಮಣಿ ಸೆಳೆಯುವ ಗಾಳಿ!

ಇನ್ನೂ ಒಂದು ಹೆಜ್ಜೆ ಇದೆ. ಆ ದ್ರವದಿಂದ ಸೀಸಿಯಮ್ಮನ್ನು ಬೇರ್ಪಡಿಸಿ ಗಾಜಿನ ರೂಪ ಕೊಟ್ಟು ಪೆನ್ಸಿಲಿನಂಥ ಉಕ್ಕಿನ ಕೊಳವೆಗೆ ತುಂಬುತ್ತಾರೆ ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರದವರು. ಆ ಪೆನ್ಸಿಲು ಎಲ್ಲಿಗೆ ಹೋಗುತ್ತದೆ? ರಕ್ತನಿಧಿಗೆ! ರೋಗ ನಿರೋಧಕ ಶಕ್ತಿ ಕುಂದಿದ ರೋಗಿಗೆ ಕೊಡುವ ರಕ್ತದಲ್ಲಿನ ಅಪಾಯಕಾರಿ ಬಿಳಿ ಕಣಗಳನ್ನು ಅದರ ಕಿರಣ ನಿಷ್ಕ್ರಿಯಗೊಳಿಸುತ್ತದೆ. ತ್ಯಾಜ್ಯದಿಂದ ಔಷಧ!

ಹೂಳುವ ಮಾತು ಬಂದರೆ ಕರ್ನಾಟಕದ ಒಂದು ಅಧ್ಯಾಯ ನಿಮಗೆ ಗೊತ್ತಿರಲಿಕ್ಕಿಲ್ಲ. 1980ರ ದಶಕ. ಕೋಲಾರದ ಚಿನ್ನದ ಗಣಿ. ನೆಲದಡಿ ಸುಮಾರು 1,000 ಮೀಟರ್. ಕೈಬಿಟ್ಟ ಭಾಗವೊಂದರಲ್ಲಿ ಭಾಭಾ ಕೇಂದ್ರದ ವಿಜ್ಞಾನಿಗಳು ಬಂಡೆಯೊಳಗೆ ವಿದ್ಯುತ್ ಹೀಟರುಗಳನ್ನು ಇಳಿಸಿದರು. ತ್ಯಾಜ್ಯವಲ್ಲ, ಹೀಟರು! ವರ್ಷಗಟ್ಟಲೆ ಕಾಯಿಸಿದರು. ಬಿಸಿಗೆ ಬಂಡೆ ಹೇಗೆ ಹಿಗ್ಗುತ್ತದೆ, ಎಲ್ಲಿ ಒತ್ತಡ ಬೀಳುತ್ತದೆ, ಎಲ್ಲ ಅಳೆದರು. ಚಿನ್ನ ತೆಗೆದ ಗಣಿ ವಿಜ್ಞಾನಕ್ಕೆ ಪ್ರಯೋಗಶಾಲೆಯಾಯಿತು!

ಹೂಳುವ ಜಾಗವನ್ನು ಫಿನ್‌ಲೆಂಡ್ ಕಟ್ಟಿಯೇ ತೋರಿಸಿದೆ. ಓಲ್ಕಿಲುವೊಟೊ ದ್ವೀಪದಲ್ಲಿ 2004ರಿಂದ ಅಗೆಯುತ್ತಾ 400 ಮೀಟರಿಗೂ ಕೆಳಗೆ ಇಳಿದಿದ್ದಾರೆ. ಬಂಡೆಯ ವಯಸ್ಸು ಸುಮಾರು 190 ಕೋಟಿ ವರ್ಷ! 5 ಸೆಂಟಿಮೀಟರ್ ದಪ್ಪದ ತಾಮ್ರದ ಕವಚ, ಒಳಗೆ ಎರಕದ ಕಬ್ಬಿಣ, ಸುತ್ತ ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಜೇಡಿಮಣ್ಣು. ಲೆಕ್ಕ ಹಾಕಿರುವುದು ಒಂದು ಲಕ್ಷ ವರ್ಷಕ್ಕೆ. ನಡುವೆ ಹಿಮಯುಗ ಬಂದು ಕಿಲೋಮೀಟರ್‌ಗಟ್ಟಲೆ ಮಂಜುಗಡ್ಡೆ ಮೇಲೆ ಕೂತರೂ ತಾಳಬೇಕು!

ಒಂದು ಲಕ್ಷ ವರ್ಷ ಕೇಳಿ ತಲೆ ತಿರುಗಿತೇ? ಹಾಗಾದರೆ ಇದನ್ನು ಕೇಳಿ.

1972. ಫ್ರಾನ್ಸಿನ ಪಿಯರ್‌ಲಾತ್. ಆಫ್ರಿಕಾದ ಗಬಾನ್‌ನಿಂದ ಬಂದ ಯುರೇನಿಯಂ ಅಳೆಯುತ್ತಿದ್ದರು. ಭೂಮಿಯಲ್ಲಿ, ಚಂದ್ರನ ಕಲ್ಲಿನಲ್ಲಿ, ಉಲ್ಕೆಯಲ್ಲಿ, ಎಲ್ಲೇ ನೋಡಿ, ಯುರೇನಿಯಂ-235ರ ಪಾಲು ಶೇ. 0.720. ಇಲ್ಲಿ 0.717! ಕೂದಲೆಳೆಯ ಕೊರತೆ. ಯಾರಾದರೂ ಕದ್ದರೇ? ಬಾಂಬಿಗೆ ಹೋಯಿತೇ? ಎಲ್ಲರೂ ಬೆಚ್ಚಿದರು.

ಕದ್ದದ್ದು ಯಾರು? ಊಹಿಸಿ. ಭೂಮಿ!

ಗಬಾನಿನ ಓಕ್ಲೊ ಗಣಿಯಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ಅಣು ರಿಯಾಕ್ಟರುಗಳು ತಾವಾಗಿಯೇ ಹೊತ್ತಿಕೊಂಡಿದ್ದವು! ಆಗ ಅದಿರಿನಲ್ಲಿ ಯುರೇನಿಯಂ-235ರ ಪಾಲು ಇನ್ನೂ ಹೆಚ್ಚಿತ್ತು. ಬಂಡೆಯೊಳಗೆ ನೀರು ಜಿನುಗಿತು, ಸರಪಳಿ ಕ್ರಿಯೆ ಶುರು. ಅರ್ಧ ಗಂಟೆ ಉರಿ. ನೀರು ಆವಿಯಾಯಿತು, ಉರಿ ನಿಂತಿತು. ಎರಡೂವರೆ ಗಂಟೆ ವಿರಾಮ. ನೀರು ಮರಳಿತು, ಮತ್ತೆ ಉರಿ! ಹೀಗೆ ಲಕ್ಷಾಂತರ ವರ್ಷ! ಇಂಥದ್ದು ಸಾಧ್ಯ ಎಂದು ವಿಜ್ಞಾನಿ ಪಾಲ್ ಕುರೋಡ 1956ರಲ್ಲೇ ಲೆಕ್ಕ ಹಾಕಿ ಬರೆದಿದ್ದರು.

ಆ ರಿಯಾಕ್ಟರುಗಳ ತ್ಯಾಜ್ಯ ಎಲ್ಲಿ ಹೋಯಿತು? ಅಲ್ಲಿ ಪೀಪಾಯಿ ಇರಲಿಲ್ಲ. ತಾಮ್ರ ಇರಲಿಲ್ಲ. ಅದಿರು, ಜೇಡಿಮಣ್ಣು, ಬಂಡೆ, ಅಷ್ಟೇ. ಆದರೂ ಹುಟ್ಟಿದ ಪ್ಲುಟೋನಿಯಂ ಹುಟ್ಟಿದ ಜಾಗದಿಂದ ಸರಿದದ್ದು ಎಷ್ಟು ದೂರ? ಕೆಲವೇ ಮೀಟರ್! ಸುಮಾರು 200 ಕೋಟಿ ವರ್ಷದಲ್ಲಿ!

ಪೀಪಾಯಿಗಳಿಗೆ ಕೊರತೆಯೇ ಇಲ್ಲವೇ? ಇದೆ. ಕಡಲ ದಡದ ಉಪ್ಪುಗಾಳಿ ತುಕ್ಕು ಹಿಡಿಯದ ಉಕ್ಕಿನ ಬೆಸುಗೆಯಲ್ಲೂ ಮೆಲ್ಲಗೆ ಬಿರುಕು ಮೂಡಿಸಬಲ್ಲದು. ಅದನ್ನು ತಪಾಸಿಸುತ್ತಲೇ ಇರಬೇಕು. ಪೀಪಾಯಿ ದಶಕಗಳ ಮನೆ, ಶಾಶ್ವತ ಮನೆಯಲ್ಲ. ದುಬಾರಿಯೂ ಹೌದು. ಆದರೂ 250 ಕಿಲೋಮೀಟರಿನ ಆ ಲೆಕ್ಕದ ಮುಂದೆ ಯಾವ ದುಡ್ಡೂ ದೊಡ್ಡದಲ್ಲ. ಜಪಾನಿನ ಮುತ್ಸು ಊರಿನ ಬಳಿ ಪೀಪಾಯಿಗಳಿಗೆಂದೇ ಕಟ್ಟಿದ ಸಂಗ್ರಹಾಗಾರ 2024ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಅಲ್ಲಿ ಒಂದು ಪೀಪಾಯಿ ಇರಬಹುದಾದ ಗರಿಷ್ಠ ಅವಧಿ 50 ವರ್ಷ.

ನಮ್ಮ ಉತ್ತರ ಕನ್ನಡದ ಕೈಗಾ ಸ್ಥಾವರದ್ದು ಬೇರೊಂದು ಜಾತಿಯ ರಿಯಾಕ್ಟರು. ಇಲ್ಲಿ ರಿಯಾಕ್ಟರ್ ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸ ಕಂತೆ ಒಳಗೆ, ಇನ್ನೊಂದು ತುದಿಯಿಂದ ಹಳೆಯದು ಹೊರಗೆ! ಹಾಗಾಗಿಯೇ ಕೈಗಾದ ಒಂದನೇ ಘಟಕ 2018ರಲ್ಲಿ ನಿಲ್ಲದೆ ಓಡಿ ದಾಖಲೆ ಬರೆಯಿತು. ಎಷ್ಟು ದಿನ? 962! ಹಾಗೆ ಹೊರಬರುವ ಪ್ರತಿ ಕಂತೆಯೂ ಮೊದಲು ಇಳಿಯುವುದು ನೀರಿನ ಕೊಳಕ್ಕೇ. ರಾಜಸ್ಥಾನದ ರಾವತ್‌ಭಾಟದಲ್ಲಿ ಇದೇ ಜಾತಿಯ ಇಂಧನವನ್ನು ಒಣ ಕಾಂಕ್ರೀಟ್ ಪೀಪಾಯಿಗಳಲ್ಲಿ ಇಟ್ಟ ಅನುಭವ ನಮ್ಮ ಎಂಜಿನಿಯರುಗಳಿಗೆ ಆಗಲೇ ಇದೆ.

ಕೈಗಾದಲ್ಲಿ ಈಗ 700 ಮೆಗಾವಾಟಿನ ಇನ್ನೆರಡು ಘಟಕಗಳ ಕೆಲಸ ನಡೆದಿದೆ. ಸಭೆಯಲ್ಲೋ, ಪತ್ರಿಕೆಯಲ್ಲೋ, ಚಹಾ ಅಂಗಡಿಯಲ್ಲೋ ಆ ಮಾತು ಬಂದಾಗ ಎಷ್ಟು ಮೆಗಾವಾಟ್ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಕೊಳದಲ್ಲಿ ಈಗ ಎಷ್ಟು ಕಂತೆ ಇವೆ? ಎಷ್ಟು ವರ್ಷ ನೀರಲ್ಲಿ? ಆಮೇಲೆ ಒಣ ಪೀಪಾಯಿಗೋ, ಗಾಜಿಗೋ, ಯಾವ ವರ್ಷ? ಈ ಮೂರನ್ನು ಕೇಳಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಿ!